ತಮಟೆಗೆ ಅನುದಾನ, ಕೇರಿಗೆ ದಂಡ

2022ರ ಸೆಪ್ಟೆಂಬರ್ ತಿಂಗಳು. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಾಯಮ್ಮನ ಜಾತ್ರೆ. ಮೆರವಣಿಗೆಯ ದೇವರಿಗೆ ಸೇರಿದ ಕೋಲನ್ನು ಹದಿನೈದು ವರ್ಷದ ದಲಿತ ಹುಡುಗನೊಬ್ಬ ಮುಟ್ಟಿದ. ಅಷ್ಟಕ್ಕೇ ದೇವರು ಮೈಲಿಗೆಯಾಯಿತು. ಊರ ಹಿರಿಯರು ಕೂತು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಎಂದರು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಪೊಲೀಸರು ಮೊಕದ್ದಮೆ ದಾಖಲಿಸಿದರು, ಅಧಿಕಾರಿಗಳು ಊರಿಗೆ ಬಂದರು.

ಆ 60,000 ಎಂದರೆ ಎಷ್ಟು? ಆ ವರ್ಷ ಉದ್ಯೋಗ ಖಾತ್ರಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿ 309 ರೂಪಾಯಿ. ಲೆಕ್ಕ ಹಾಕಿ, 194 ದಿನದ ಕೂಲಿ. ಆ ಕಾನೂನು ಒಂದು ಮನೆಗೆ ವರ್ಷಕ್ಕೆ ಕೊಟ್ಟಿದ್ದ ಖಾತ್ರಿ 100 ದಿನ. ಅಂದರೆ ಒಂದು ಕೋಲು ಮುಟ್ಟಿದ ತಪ್ಪಿಗೆ ಒಂದು ಮನೆ ತನ್ನ ಎರಡು ವರ್ಷದ ಖಾತ್ರಿ ಕೂಲಿಯನ್ನು ಹೆಚ್ಚೂಕಡಿಮೆ ಪೂರ್ತಿ ಊರಿನ ಕೈಗೆ ಇಡಬೇಕಿತ್ತು.

ಕಲೆಗೆ ಕೊಡುವ ಸಣ್ಣ ಅನುದಾನದ ಬಗ್ಗೆ ಬರೆಯಲು ಹೊರಟವನು ಈ ದಂಡದ ಕತೆ ಯಾಕೆ ಹೇಳುತ್ತಿದ್ದಾನೆ ಅಂತ ಕೆಲವರಿಗೆ ಅನ್ನಿಸಬಹುದು. ಜಾತ್ರೆಗಿಂತ ದೊಡ್ಡ ಕಲಾಪ್ರದರ್ಶನ ನಮ್ಮ ಹಳ್ಳಿಯಲ್ಲಿ ಯಾವುದಿದೆ ಹೇಳಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ತಾಲ್ಲೂಕಿಗೇ ಹೋಗಿ, ತಮಟೆ ಇಲ್ಲದೆ ದೇವರು ಗುಡಿಯ ಹೊಸ್ತಿಲು ದಾಟುವುದಿಲ್ಲ. ಕರಗ ಕುಣಿಯುವುದು, ಕೀಲುಕುದುರೆ ಹೆಜ್ಜೆ ಹಾಕುವುದು ಈ ಚರ್ಮದ ಸದ್ದಿಗೇ. ಆ ಚರ್ಮ ಹದ ಮಾಡಿದವನು, ಬಿಗಿದವನು, ಬೆಂಕಿಗೆ ಕಾಯಿಸಿ ಬಡಿದವನು ಕೇರಿಯವನು. ಅವನ ಸದ್ದು ದೇವರಿಗೆ ಬೇಕು. ಅವನ ಮಗನ ಕೈ ದೇವರ ಕೋಲಿಗೆ ತಾಗಬಾರದು. ಇದು ನಮ್ಮ ಊರುಗಳ ಸಾಂಸ್ಕೃತಿಕ ನೀತಿ. ಎಲ್ಲೂ ಬರೆದಿಟ್ಟಿಲ್ಲ, ಆದರೆ ತಪ್ಪದೆ ಜಾರಿಯಲ್ಲಿದೆ. ಸರ್ಕಾರ ತನ್ನ ಸಾಂಸ್ಕೃತಿಕ ನೀತಿಯನ್ನು ತಂದು ಹಾಸುವುದು ಈ ನೆಲದ ಮೇಲೆಯೇ. ಆದ್ದರಿಂದ ಇವೆರಡನ್ನೂ ಒಟ್ಟಿಗೇ ನೋಡಬೇಕು.

ಸರ್ಕಾರದ ಬಳಿ ಯೋಜನೆಗಳಿಗೆ ಬರವಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಕಾರ್ಯಕ್ರಮಗಳ ಪ್ರಾಯೋಜನೆ ಎನ್ನುವುದಿದೆ. ವಾದ್ಯ ಪರಿಕರ, ವೇಷಭೂಷಣ ಕೊಳ್ಳಲು ನೆರವಿದೆ. ಪರಿಶಿಷ್ಟರ ಹೆಸರಿನಲ್ಲಿ ಜನಪರ ಉತ್ಸವ, ಗಿರಿಜನ ಉತ್ಸವ ನಡೆಯುತ್ತವೆ. ಅಕಾಡೆಮಿಗಳಿವೆ. ಗಡಿ ತಾಲ್ಲೂಕುಗಳಿಗೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಕೇಂದ್ರ ಸರ್ಕಾರದ ಸಂಸ್ಕೃತಿ ಮಂತ್ರಾಲಯದ್ದು ಬೇರೆ. ಕಾಗದದ ಮೇಲೆ ಓದಿದರೆ, ನಮ್ಮ ಕೇರಿಯ ತಂಡಗಳು ಹೊಸ ತಮಟೆ, ಹೊಸ ಗೆಜ್ಜೆ ತೊಟ್ಟು ಸಾಲುಗಟ್ಟಿ ನಿಂತಿವೆಯೇನೋ ಅನ್ನಿಸುತ್ತದೆ.

ಈಗ ಕಾಗದ ಬಿಟ್ಟು ಕೇರಿಗೆ ಬನ್ನಿ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಕೇರಿ ಅಂತ ಇಟ್ಟುಕೊಳ್ಳಿ. ಹತ್ತು ಜನರ ತಮಟೆ ತಂಡ. ಇಬ್ಬರು ಮಾವಿನ ತೋಪಿನಲ್ಲಿ ಕೂಲಿ. ಮೂವರು ಗಾರೆ ಕೆಲಸ. ನಾಲ್ವರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಗುತ್ತಿಗೆ ಶಿಫ್ಟು. ಒಬ್ಬ ಮುದುಕ, ಎಲ್ಲರಿಗೂ ಕಲಿಸಿದವನು. ಈ ಹತ್ತು ಜನ ಅನುದಾನ ಕೇಳಲು ಹೊರಟರು ಅಂತಿಟ್ಟುಕೊಳ್ಳಿ. ಮೊದಲನೇ ಪ್ರಶ್ನೆ: ಸಂಘ ರಿಜಿಸ್ಟರ್ ಆಗಿದೆಯೇ? 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಬೈಲಾ ಬೇಕು, ಅಧ್ಯಕ್ಷ ಕಾರ್ಯದರ್ಶಿ ಖಜಾಂಚಿ ಬೇಕು, ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು. ಎರಡನೇದು: ಆಡಿಟ್ ರಿಪೋರ್ಟ್ ಎಲ್ಲಿ? ಮೂರನೇದು: ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಪಾನ್ ಕಾರ್ಡು. ನಾಲ್ಕನೇದು: ಹಿಂದೆ ಕೊಟ್ಟ ಕಾರ್ಯಕ್ರಮಗಳ ಫೋಟೋ, ಪತ್ರಿಕಾ ವರದಿ, ಆಹ್ವಾನ ಪತ್ರಿಕೆ. ಕೇಂದ್ರದ ಹಣವಾದರೆ ಎನ್‌ಜಿಒ ದರ್ಪಣ್ ಎಂಬ ಇನ್ನೊಂದು ಬಾಗಿಲಿನಲ್ಲಿ ನಂಬರು ಪಡೆಯಬೇಕು.

'ನಿಮ್ದು ಆಹ್ವಾನ ಪತ್ರಿಕೆ ಐತೇನಪ್ಪಾ?' ಎಂದು ಕೇಳಿದರೆ ಆ ಮುದುಕ ಏನು ಹೇಳಬೇಕು? ಅವನು ಐವತ್ತು ವರ್ಷ ಬಡಿದದ್ದು ಸಾವಿನ ಮುಂದೆ, ಮಾರಮ್ಮನ ಮುಂದೆ, ಕೆರೆ ಕೋಡಿ ಬಿದ್ದಾಗ. ಹೆಣ ಯಾರಿಗೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವುದಿಲ್ಲ. ಪತ್ರಿಕೆಯವರು ಅವನ ಫೋಟೋ ಹಿಡಿದಿಲ್ಲ. ಹಿಡಿದಿದ್ದರೂ ಚಿತ್ರದ ಮಧ್ಯೆ ಶಾಸಕರಿರುತ್ತಾರೆ, ತಮಟೆಯ ಅರ್ಧ ಅಂಚು ಮಾತ್ರ ಮೂಲೆಯಲ್ಲಿ ಕಾಣುತ್ತದೆ.

ಇಲಾಖೆಗೆ ತಾಲ್ಲೂಕಿನಲ್ಲಿ ಕಚೇರಿ ಇಲ್ಲ. ಇರುವುದು ಜಿಲ್ಲಾ ಕೇಂದ್ರದಲ್ಲಿ. ಮುಳಬಾಗಿಲಿನಿಂದ, ಮಾಲೂರಿನಿಂದ, ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರಬೇಕು. ಹಳ್ಳಿಯಿಂದ ತಾಲ್ಲೂಕಿಗೆ ಒಂದು ಬಸ್ಸು, ತಾಲ್ಲೂಕಿನಿಂದ ಜಿಲ್ಲೆಗೆ ಇನ್ನೊಂದು. ಇಬ್ಬರು ಆರು ಸಲ ಅಲೆದರು ಅಂತಿಟ್ಟುಕೊಳ್ಳಿ. ಹನ್ನೆರಡು ಆಳಿನ ಕೂಲಿ ಹೋಯಿತು. 2025-26ಕ್ಕೆ ಖಾತ್ರಿ ಯೋಜನೆಯಲ್ಲಿ ನಿಗದಿಯಾದ 370 ರೂಪಾಯಿಯ ದರದಲ್ಲೇ ಲೆಕ್ಕ ಹಾಕಿದರೂ 4,440 ರೂಪಾಯಿ. ಬಸ್ ಚಾರ್ಜು, ಜೆರಾಕ್ಸು, ನೋಟರಿ, ಆಡಿಟರ ಫೀಜು ಇದಕ್ಕೆ ಸೇರಿಲ್ಲ. ಅನುದಾನ ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಕೇರಿ ಸರ್ಕಾರಕ್ಕೆ ಇಷ್ಟು ಅನುದಾನ ಕೊಟ್ಟಾಗಿರುತ್ತದೆ!

ಈಗ ಎಲ್ಲಾ ಆನ್‌ಲೈನ್, ಕಚೇರಿ ಅಲೆಯೋ ಕೆಲಸವೇ ಇಲ್ಲ ಅಂತಾರೆ. ಸೇವಾ ಸಿಂಧು ಪೋರ್ಟಲ್ ತೆರೆಯಿರಿ, ಒತ್ತಿರಿ, ಆಯ್ತು ಅಂತಾರೆ. ಒತ್ತುವ ಕೈಗೆ ಆಧಾರ್‌ಗೆ ಜೋಡಿಸಿದ ಫೋನು ಬೇಕು, ಓಟಿಪಿ ಬೇಕು, ಸ್ಕ್ಯಾನ್ ಮಾಡಿದ ಕಡತ ಬೇಕು. ಕೊನೆಗೆ ಹೋಗಬೇಕಾದದ್ದು ಹೋಬಳಿಯ ಸೈಬರ್ ಅಂಗಡಿಗೆ. ಅಲ್ಲಿ ಕೂತವನು ಕೇಳಿದಷ್ಟು ಕೊಡಬೇಕು. ಹಿಂದೆ ಗುಮಾಸ್ತ ಬಾಗಿಲಲ್ಲಿ ನಿಂತಿದ್ದ, ಈಗ ಯಂತ್ರ ನಿಂತಿದೆ. ಗುಮಾಸ್ತನಿಗಾದರೆ ಕಾಡಿ ಬೇಡಿ ನಾಲ್ಕು ಮಾತು ಹೇಳಬಹುದಿತ್ತು.

ಈ ಜಾಗದಲ್ಲಿ ಹುಟ್ಟುವವನೇ ದಲ್ಲಾಳಿ. ಅವನ ಬಳಿ ಲೆಟರ್‌ಹೆಡ್ ಇದೆ, ರಬ್ಬರ್ ಸ್ಟಾಂಪ್ ಇದೆ, ಆಡಿಟರು ಇದ್ದಾನೆ. ಇಲ್ಲದ್ದು ಕಲೆ ಒಂದೇ. ಕೇರಿಯ ಹತ್ತು ಜನರ ಬಳಿ ಕಲೆ ಇದೆ, ಮಿಕ್ಕಿದ್ದು ಯಾವುದೂ ಇಲ್ಲ. ಇಬ್ಬರೂ ಸೇರಿದರೆ ಒಂದು 'ಜಾನಪದ ಕಲಾ ಸಂಘ' ಆಗುತ್ತದೆ. ಹಣ ಬಂದಾಗ ಸಹಿ ಹಾಕುವವನು ಅವನು, ಬಿಸಿಲಲ್ಲಿ ಕುಣಿಯುವವರು ಇವರು. ದಿನದ ಕೊನೆಗೆ ಇವರ ಕೈಗೆ ಬರುವುದು ಊಟದ ಪೊಟ್ಟಣ ಮತ್ತು ಬಸ್ ಚಾರ್ಜು. ಗೌಡನ ಹೊಲದಲ್ಲಿ ಜೀತ ಮಾಡಿದವನ ಮೊಮ್ಮಗ ಈಗ ಲೆಟರ್‌ಹೆಡ್ಡಿನಲ್ಲಿ ಜೀತ ಮಾಡಬೇಕು. 1976ರಲ್ಲಿ ಜೀತ ರದ್ದಾಯಿತು ಅಂತ ಸಂಭ್ರಮಪಟ್ಟವರು ಈ ಹೊಸ ಜೀತಕ್ಕೆ ಯಾವ ಹೆಸರಿಡುತ್ತಾರೆ?

ಇನ್ನು ಈ ದುಡ್ಡು ಯಾರದು ಅನ್ನುವ ಪ್ರಶ್ನೆ. 'ಸರ್ಕಾರ ಕೊಡ್ತಾ ಇದೆ, ತಗೊಂಡು ಸುಮ್ಮನಿರಿ' ಅಂತ ಹೇಳುವವರಿಗೆ ಒಂದು ಮಾತು. ಕೊಡಲಿಕ್ಕೆ ಇದು ಯಾರಪ್ಪನ ಮನೆಯ ಗಂಟೂ ಅಲ್ಲ. 2013ರಲ್ಲಿ ಕರ್ನಾಟಕದ ವಿಧಾನಮಂಡಲವೇ ಕಾಯಿದೆ ಮಾಡಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ಜನಸಂಖ್ಯೆಗೆ ತಕ್ಕಂತೆ ಅಭಿವೃದ್ಧಿಯ ಹಣದಲ್ಲಿ ಶೇಕಡ 24.1 ಪಾಲು ಎತ್ತಿಡಬೇಕು ಎಂದಿತು. ಕೋಲಾರ ಜಿಲ್ಲೆಯಲ್ಲಂತೂ 2011ರ ಜನಗಣತಿಯಂತೆ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ಇಡೀ ರಾಜ್ಯದಲ್ಲಿ ಈ ಪ್ರಮಾಣ ಹೆಚ್ಚಿರುವ ಜಿಲ್ಲೆ ನಮ್ಮದು. ಇಲಾಖೆಯ ಪರಿಶಿಷ್ಟರ ಅನುದಾನ, ಉತ್ಸವ, ತಮಟೆ ಖರೀದಿ ಎಲ್ಲಾ ಬರುವುದು ಈ ಪಾಲಿನಿಂದ. ನಮ್ಮ ಪಾಲು ನಮಗೆ ಕೊಡುವಾಗ ಹಾರ ಶಾಲು ಯಾಕೆ? ವೇದಿಕೆ ಯಾಕೆ? ಮಂತ್ರಿಯ ಫೋಟೋ ಯಾಕೆ?

ಆ ಪಾಲಾದರೂ ಪೂರ್ತಿ ಬಂತೇ? ಕಾಯಿದೆಯೊಳಗೆ 7(ಡಿ) ಎಂಬ ಕಿಂಡಿ ಇಟ್ಟಿದ್ದರು. ರಸ್ತೆ, ಸೇತುವೆ, ನೀರಾವರಿ ಎಲ್ಲದರಲ್ಲೂ 'ಪರಿಶಿಷ್ಟರಿಗೂ ಅನುಕೂಲ ಆಯಿತು ಎಂದು ಭಾವಿಸಿ' ಲೆಕ್ಕ ಬರೆಯುವ ಕಿಂಡಿ ಅದು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಅದೇ 2023-24ರಲ್ಲಿ ಈ ಪಾಲಿನ 11,000 ಕೋಟಿಗೂ ಹೆಚ್ಚು, ಮುಂದಿನ ವರ್ಷ 14,000 ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದರು. ಗ್ಯಾರಂಟಿಯಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸರ್ಕಾರದ ಉತ್ತರ. ಇದ್ದಾರೆ, ನಿಜ. ಎಲ್ಲರಿಗೂ ಬಡಿಸುವ ಊಟವನ್ನು ನಮಗೂ ಬಡಿಸಿ, ನಮ್ಮ ಹೆಸರಿನ ಅಕ್ಕಿಯಲ್ಲೇ ಅಡಿಗೆ ಮಾಡಿದ್ದೀವಿ ನೋಡಿ ಅನ್ನುವುದು ಯಾವ ನ್ಯಾಯ? ಸಾವಿರಾರು ಕೋಟಿ ಒಂದು ಸಹಿಗೆ ಹೀಗೆ ಪಕ್ಕಕ್ಕೆ ಸರಿಯುತ್ತದೆ. ಒಂದು ತಮಟೆ ತಂಡದ ಹತ್ತಿಪ್ಪತ್ತು ಸಾವಿರಕ್ಕೆ ಮಾತ್ರ ಆಡಿಟ್ ಬೇಕು, ಫೋಟೋ ಬೇಕು, ಬಳಕೆ ಪ್ರಮಾಣಪತ್ರ ಬೇಕು. ಕಳ್ಳರ ಭಯ ಸರ್ಕಾರಕ್ಕೆ ಕೇರಿಯ ಬಾಗಿಲಲ್ಲಿ ಮಾತ್ರ ಬರುತ್ತದೆ.

2021ರ ಮೇ ತಿಂಗಳು ನೆನಪಿಸಿಕೊಳ್ಳಿ. ಕೊರೋನಾ ಎರಡನೇ ಅಲೆ. ಜಾತ್ರೆ ಇಲ್ಲ, ಮದುವೆ ಇಲ್ಲ, ಕೂಲಿ ಇಲ್ಲ. ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಇಡೀ ರಾಜ್ಯಕ್ಕೆ ಅವರು ಹಾಕಿಕೊಂಡ ಲೆಕ್ಕ 16,095 ಫಲಾನುಭವಿಗಳು, 4.82 ಕೋಟಿ. ಆರು ಕೋಟಿಗೂ ಮಿಕ್ಕಿದ ಜನರ ನಾಡಿನಲ್ಲಿ ಕಲಾವಿದರು ಹದಿನಾರು ಸಾವಿರ! ಊರಿಗೊಂದು ಕೇರಿ, ಕೇರಿಗೊಂದು ತಮಟೆ, ಭಜನೆ, ಕೋಲಾಟ, ಸೋಬಾನೆ ಹಾಡುವ ಹೆಂಗಸರು. ಇವರೆಲ್ಲಾ ಎಲ್ಲಿ ಹೋದರು? ಅವರು ಸರ್ಕಾರದ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಕಲಾವಿದರೇ ಅಲ್ಲ. ಕೆಸರಿನಲ್ಲಿ ನಾಟಿ ಮಾಡುತ್ತಾ ನೂರು ಪದ ಹಾಡುವ ಅವ್ವನಿಗೆ ತಾನು ಕಲಾವಿದೆ ಎಂದು ಯಾರೂ ಹೇಳಿಲ್ಲ. ಅವಳ ಪದ ಬರೆದುಕೊಂಡು ಹೋದವನು ಡಾಕ್ಟರೇಟ್ ಪಡೆದ. ಅವಳಿಗೆ ಗುರುತಿನ ಚೀಟಿಯೂ ಇಲ್ಲ.

ಗೌರವ ಬಂದೇ ಇಲ್ಲ ಅಂತ ನಾವು ಹೇಳುವುದಿಲ್ಲ. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಇವತ್ತು ಅದು ಚಿಕ್ಕಬಳ್ಳಾಪುರ ಜಿಲ್ಲೆ. 2007ರವರೆಗೆ ನಮ್ಮ ಕೋಲಾರ ಜಿಲ್ಲೆಯದೇ ಊರು. ತಮಟೆ ಹಿಡಿದ ಕೈಗೆ ರಾಷ್ಟ್ರಪತಿ ಭವನದ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ, ನಮ್ಮೆಲ್ಲರ ಎದೆ ಉಬ್ಬಿತು. ನಮ್ಮ ಜಿಲ್ಲೆಯ ಹೋರಾಟದ ಹಾಡುಗಾರ ಪಿಚ್ಚಳ್ಳಿ ಶ್ರೀನಿವಾಸ್ ಜಾನಪದ ಅಕಾಡೆಮಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಅದೂ ಸಣ್ಣದಲ್ಲ. ಆದರೆ ಒಬ್ಬರನ್ನು ದಿಲ್ಲಿಗೆ ಕರೆದು ಪದಕ ಹಾಕಿ, ಸಾವಿರ ಜನರನ್ನು ಪೋರ್ಟಲ್ಲಿನ ಹೊರಗೆ ನಿಲ್ಲಿಸಿದರೆ ಅದು ಕಲೆಗೆ ಸಿಕ್ಕ ನ್ಯಾಯವಾಗುವುದಿಲ್ಲ. ಕುರ್ಚಿಯಲ್ಲಿ ಕೂತವರ ಮನಸ್ಸು ಒಳ್ಳೆಯದಾದರೆ ಸಾಲದು. ಅವರು ಎದ್ದು ಹೋದ ಮೇಲೂ ಉಳಿಯುವ ನಿಯಮ ಬದಲಾಗಬೇಕು.

ತಮಟೆಯ ಬಗ್ಗೆ ನಮ್ಮೊಳಗೇ ಒಂದು ಹಳೆಯ ಜಗಳವಿದೆ. ಅದನ್ನು ಮುಚ್ಚಿಟ್ಟು ಅನುದಾನದ ಮಾತಾಡುವುದು ಸುಳ್ಳಾಗುತ್ತದೆ. 'ಆ ಹಾಳು ತಮಟೇನ ಎತ್ತಿ ಬಿಸಾಕಿ, ಅದೇ ನಮ್ಮ ಕುತ್ತಿಗೆಗೆ ಕಟ್ಟಿದ ಅಸ್ಪೃಶ್ಯತೆ' ಅಂದವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ತೋಟಿ ತಳವಾರಿಕೆಯನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಕಾಗದದಲ್ಲಿ ಹುದ್ದೆ ಹೋಯಿತು, ಊರಿನ ಬಾಯಲ್ಲಿ ಹೋಗಲಿಲ್ಲ. ಹೆಣ ಬಿದ್ದಾಗ ಕೂಗುವುದು ಅವನನ್ನೇ. ಬರಲ್ಲ ಅಂದರೆ ನೀರು ಬಂದ್, ಅಂಗಡಿ ಬಂದ್, ಕೂಲಿ ಬಂದ್. ಇನ್ನೊಂದು ಕಡೆ, 1970ರ ದಶಕದಿಂದ ದಲಿತ ಸಂಘರ್ಷ ಸಮಿತಿ ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ತಂದಿತು. ಹೆಣದ ಮುಂದೆ ಬಗ್ಗಿ ಬಡಿದ ಕೈ ತಹಶೀಲ್ದಾರರ ಕಚೇರಿ ಮುಂದೆ ನೆಟ್ಟಗೆ ನಿಂತು ಬಡಿಯಿತು. ಅದೇ ಚರ್ಮ, ಅದೇ ಕೋಲು. ಬದಲಾದದ್ದು ಯಾರು ಕರೆದರು, ಯಾರಿಗಾಗಿ ಬಡಿದೆವು ಎಂಬುದು.

ಅನುದಾನವನ್ನು ಅಳೆಯುವ ಅಳತೆಗೋಲೂ ಇದೇ. ಈ ದುಡ್ಡಿನಿಂದ ಬಡಿಯುವವನು ಬೇಡ ಅನ್ನುವ ಹಕ್ಕು ಪಡೆದನೇ? ಇಲ್ಲವೇ ಬಡಿಯಲೇಬೇಕಾದ ಇನ್ನೊಬ್ಬ ಯಜಮಾನನನ್ನು ಪಡೆದನೇ? ಇಲಾಖೆಯಿಂದ ತಮಟೆ ಪಡೆದ ತಂಡವನ್ನು ಮಂತ್ರಿ ಬಂದಾಗ, ರಾಜ್ಯೋತ್ಸವದಲ್ಲಿ, ಯಾವುದೋ ಸಮ್ಮೇಳನದ ಅಧ್ಯಕ್ಷರ ಸಾರೋಟಿನ ಮುಂದೆ ಬಿಸಿಲಲ್ಲಿ ಮೂರು ಗಂಟೆ ನಿಲ್ಲಿಸಿದರೆ, ಅದು ತಳವಾರಿಕೆಯ ಹೊಸ ರೂಪ. ಹಿಂದೆ ಗೌಡ ಬರುವ ಮುಂಚೆ ಬಡಿಯಬೇಕಿತ್ತು, ಈಗ ಉದ್ಘಾಟಕರು ಬರುವ ಮುಂಚೆ ಬಡಿಯಬೇಕು. ಮೆರವಣಿಗೆ ರಂಗಮಂದಿರದ ಬಾಗಿಲಿಗೆ ಮುಗಿಯುತ್ತದೆ. ಒಳಗೆ ಭಾಷಣ ಶುರುವಾದ ಮೇಲೆ ತಮಟೆಯವರು ಹೊರಗೆ ಮರದಡಿ ಬೆವರು ಒರೆಸಿಕೊಳ್ಳುತ್ತಾರೆ. ಕೋಲಾರದ ರಂಗಮಂದಿರಕ್ಕೆ ಸಂವಿಧಾನ ಸಭೆಯಲ್ಲಿ ಕೂತಿದ್ದ ದಲಿತ ನಾಯಕ ಟಿ. ಚನ್ನಯ್ಯನವರ ಹೆಸರಿದೆ. ಹೆಸರು ಗೋಡೆಯ ಮೇಲೆ ಇದ್ದರೆ ಸಾಲದು, ಚನ್ನಯ್ಯನವರ ಜನ ಒಳಗೆ ಕೂರಬೇಕು.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ಸೇರಿದ್ದು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳ ಕೇರಿಗಳಲ್ಲಿ ಅವ್ವಂದಿರು ಹಾಡುವ ಪದ ಎಷ್ಟೋ ತೆಲುಗಿನಲ್ಲಿದೆ. ಕೋಲಾಟದ ಪದ, ಬುರ್ರಕಥೆ, ಭಜನೆಯ ತತ್ವ ಎಲ್ಲಾ ತೆಲುಗು. ಶಾಲೆ ಕನ್ನಡ, ಕಚೇರಿ ಕನ್ನಡ, ಹೊಟ್ಟೆಪಾಡು ಬೆಂಗಳೂರು. ಕನ್ನಡ ಬೆಳೆಸಲು ಗಡಿಗೆ ಬರುವ ಅನುದಾನ ಈ ಹಾಡಿನ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತದೆ. ಕನ್ನಡ ನಾಡಿನ ದಲಿತಳ ನಾಲಗೆಯಲ್ಲಿ ತೆಲುಗು ಇದ್ದರೆ ಅವಳ ಹಾಡು ಈ ನಾಡಿನ ಹಾಡಲ್ಲವೇ? ಮಾಸ್ತಿ ಮಾಲೂರು ತಾಲ್ಲೂಕಿನವರು, ಡಿ.ವಿ.ಜಿ. ಮುಳಬಾಗಿಲಿನವರು ಎಂದು ಪ್ರತಿ ಶಾಲೆಯ ಗೋಡೆಯೂ ಹೇಳುತ್ತದೆ. ಹೇಳಲಿ, ನಮಗೂ ಹೆಮ್ಮೆ. ಅದೇ ತಾಲ್ಲೂಕುಗಳ ಕೇರಿಯಲ್ಲಿ ಹಾಡಿ ಸತ್ತವರ ಹೆಸರು ಒಂದು ಗೋಡೆಯ ಮೇಲಾದರೂ ಇದೆಯೇ ಮೇಷ್ಟ್ರೇ?

ಬೇರೆ ದಾರಿಗಳಿಲ್ಲವೇ? ಇವೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಹುಟ್ಟಿ, 1980ರ ದಶಕದಲ್ಲಿ ಫೋರ್ಡ್ ಫೌಂಡೇಷನ್ ನೆರವಿನಲ್ಲಿ 'ಜನಸ್ಪಂದನ' ನಡೆಸಿ, ಹಳ್ಳಿಗಳಿಗೆ ನಾಟಕ ಸಿನಿಮಾ ಒಯ್ದಿತು. ಅವರ ಕೆಲಸ ದೊಡ್ಡದು. ಆದರೆ ಆ ಹಳ್ಳಿಯ ಹಿಂದೆ ಅಡಿಕೆ ತೋಟವಿತ್ತು, ಅಕ್ಷರವಿತ್ತು, ಪತ್ರ ಬರೆಯಬಲ್ಲವರಿದ್ದರು ಎಂಬುದನ್ನೂ ಹೇಳಬೇಕು. ದುಡ್ಡು ದುಡ್ಡಿರುವ ದಾರಿ ಹಿಡಿದು ಬರುತ್ತದೆ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ 'ಕಲಿ-ಕಲಿಸು' ಹೆಸರಿನಲ್ಲಿ ಕರ್ನಾಟಕದ ಸರ್ಕಾರಿ ಶಾಲೆಯ ಮೇಷ್ಟರುಗಳಿಗೆ ಸಣ್ಣ ಅನುದಾನ ಕೊಟ್ಟಿದೆ. ಊರಿನ ಕಲೆಯನ್ನು ತರಗತಿಯೊಳಗೆ ತರುವ ಕೆಲಸಕ್ಕೆ ಅದು. ಅರ್ಜಿ ಯಾವ ಭಾರತೀಯ ಭಾಷೆಯಲ್ಲಾದರೂ ಇರಬಹುದು. ಅದು ಕಂಪನಿಗಳ ದುಡ್ಡೂ ಸೇರಿದ ಸಂಸ್ಥೆ, ಅದರ ಬಗ್ಗೆ ನಮ್ಮ ತಕರಾರು ಇದ್ದೇ ಇರುತ್ತದೆ. ಆದರೂ ಕೇಳಬೇಕು: ಒಂದು ಖಾಸಗಿ ಸಂಸ್ಥೆ ಒಬ್ಬ ಹಳ್ಳಿ ಮೇಷ್ಟರನ್ನು ನಂಬಬಹುದಾದರೆ, ಆ ಮೇಷ್ಟರಿಗೆ ಸಂಬಳ ಕೊಡುವ ಸರ್ಕಾರ ಯಾಕೆ ನಂಬುವುದಿಲ್ಲ?

ನಮ್ಮ ಕಣ್ಣೆದುರಿನ ದಾರಿ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿದೆ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮದಲ್ಲಿ ಹುಣ್ಣಿಮೆ ಹಾಡು ನಡೆಯುತ್ತಾ ನೂರು ಹುಣ್ಣಿಮೆ ದಾಟಿತು. ಬಂಡೆಯ ಮೇಲೆ ಜನ ಕೂತರು, ಬೆಳದಿಂಗಳಲ್ಲಿ ನಾಟಕ ನೋಡಿದರು, ತಮಟೆ ಕೇಳಿದರು. ಹುಣ್ಣಿಮೆಗೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಿಲ್ಲ. ಅಲ್ಲಿ ಕಲಾವಿದನನ್ನು ಯಾರ ಸ್ವಾಗತಕ್ಕೂ ನಿಲ್ಲಿಸಲಿಲ್ಲ. ಜನವೇ ಬೆಟ್ಟ ಹತ್ತಿ ಅವನ ಬಳಿಗೆ ಹೋದರು. ಇದು ಒಂದು ಬೆಟ್ಟದ ಮೇಲೆ ಆದದ್ದು. ಪ್ರತಿ ಕೇರಿಗೂ ರಾಮಯ್ಯ ಇರುವುದಿಲ್ಲ. ಆದ್ದರಿಂದ ಸಣ್ಣ ದುಡ್ಡು ಬೇಕು, ಸರಿಯಾದ ದಾರಿಯಲ್ಲಿ ಬೇಕು.

'ಸರ್ಕಾರದ ಕಾಸು ಮುಟ್ಟಬಾರದು, ಮುಟ್ಟಿದರೆ ಹೋರಾಟ ಸತ್ತಿತು' ಎನ್ನುವ ಗೆಳೆಯರಿಗೂ ಒಂದು ಮಾತು. ಕೀನ್ಯಾ ದೇಶದ ಕಮಿರೀಥು ಹಳ್ಳಿ ನಿಮಗೆ ಗೊತ್ತಿರುತ್ತದೆ. ಅಲ್ಲಿನ ಕೂಲಿಗಳು, ರೈತರು ತಾವೇ ಬಯಲು ರಂಗಮಂದಿರ ಕಟ್ಟಿ, ಗೂಗಿ ವಾ ಥಿಯಾಂಗೊ ಜೊತೆ ತಮ್ಮ ಗಿಕುಯು ಭಾಷೆಯಲ್ಲಿ 1977ರಲ್ಲಿ ನಾಟಕ ಆಡಿದರು. ಸರ್ಕಾರ ನಾಟಕದ ಪರವಾನಗಿ ಕಿತ್ತುಕೊಂಡಿತು, ಗೂಗಿಯನ್ನು ವಿಚಾರಣೆಯಿಲ್ಲದೆ ಒಂದು ವರ್ಷ ಜೈಲಿಗೆ ಹಾಕಿತು, 1982ರಲ್ಲಿ ಆ ರಂಗಮಂದಿರವನ್ನೇ ಕೆಡವಿತು. ಅವರು ಅನುದಾನ ಪಡೆದಿರಲಿಲ್ಲ, ಆದರೂ ಬಿಡಲಿಲ್ಲ. ಹಣ ಪಡೆಯದಿದ್ದರೆ ಪ್ರಭುತ್ವ ಸುಮ್ಮನಿರುತ್ತದೆ ಅನ್ನುವುದು ಭ್ರಮೆ. ನಮ್ಮ ಪಾಲಿನ ದುಡ್ಡು ಬೇಡ ಅಂದರೆ ಅದು ಲೆಟರ್‌ಹೆಡ್ಡಿನವನ ಜೇಬಿಗೆ ಹೋಗುತ್ತದೆ ಅಷ್ಟೆ. ಬೇಡ ಅನ್ನುವ ತ್ಯಾಗ ಸಂಬಳ ಬರುವವರಿಗೆ ಸುಲಭ. ಕೂಲಿ ಬಿಟ್ಟು ತಾಲೀಮಿಗೆ ಬರುವ ಹುಡುಗನಿಗೆ ಆ ಸಂಜೆಯ ಊಟ ಯಾರು ಹಾಕುತ್ತಾರೆ?

ಹಾಗೆಂದು 'ಬಂದಷ್ಟು ಬರಲಿ' ಅನ್ನುವವರ ಜೊತೆಗೂ ನಾವಿಲ್ಲ. ನಮ್ಮವರಲ್ಲೇ ಒಂದು ಸಂಘಟನೆ ಎರಡಾಗಿ, ಎರಡು ನಾಲ್ಕಾಗಿ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಟ್ರಸ್ಟ್ ಆದದ್ದನ್ನು ನೋಡಿದ್ದೇವೆ. ಅಂಬೇಡ್ಕರ್ ಫೋಟೋ ಇಟ್ಟುಕೊಂಡು ಅನುದಾನದ ಅಂಗಡಿ ತೆರೆದವರಿದ್ದಾರೆ. ಇಂಥವರು ತಮಟೆಯವನನ್ನು ಸುಲಿಯುವಾಗ ಜಾತಿ ಒಂದೇ ಎಂಬ ಕಾರಣಕ್ಕೆ ನಾವು ಬಾಯಿ ಮುಚ್ಚಬೇಕಾಗಿಲ್ಲ. ಹಾಡು ಹುಟ್ಟಿದ್ದು ಪ್ರಶ್ನೆ ಕೇಳಲು. ಚೆಕ್ ಬರುವ ತನಕ ಪ್ರಶ್ನೆ ಕೇಳದೆ ಕಾಯುವ ಹಾಡುಗಾರ, ಚೆಕ್ ಬಂದ ಮೇಲೂ ಕೇಳುವುದಿಲ್ಲ.

ಈಗ ಮತ್ತೆ ಕಾನೂನಿಗೆ ಬನ್ನಿ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯನ್ನು ನಮ್ಮ ಮೇಷ್ಟರುಗಳು ಒಮ್ಮೆ ತೆಗೆದು ಓದಬೇಕು. ಅದರ 9ನೇ ಕಲಂ ಹೇಳುತ್ತದೆ: ಸರ್ಕಾರದಿಂದ ಹಣವನ್ನೋ ಭೂಮಿಯನ್ನೋ ಪಡೆಯುವ ಪೂಜಾಸ್ಥಳದ ಆಡಳಿತಗಾರ ಅಸ್ಪೃಶ್ಯತೆ ಆಚರಿಸಿ ಶಿಕ್ಷೆಗೊಳಗಾದರೆ, ಆ ಅನುದಾನವನ್ನು ಸರ್ಕಾರ ತಡೆಹಿಡಿಯಬಹುದು, ವಾಪಸು ಪಡೆಯಬಹುದು. 1976ರಲ್ಲಿ ಸೇರಿಸಿದ 10ಎ ಕಲಂ ಇನ್ನೂ ಮುಂದೆ ಹೋಗುತ್ತದೆ: ಅಸ್ಪೃಶ್ಯತೆಗೆ ಒತ್ತಾಸೆಯಾಗಿ ನಿಂತ ಊರಿನ ಜನರ ಮೇಲೆ ರಾಜ್ಯ ಸರ್ಕಾರ ಸಾಮೂಹಿಕ ದಂಡ ಹಾಕಬಹುದು. ಕೇಳಿಸಿತೇ? ಕೇರಿಯ ಮೇಲೆ ಊರು ದಂಡ ಹಾಕುವ ಅಧಿಕಾರ ಯಾವ ಪುಸ್ತಕದಲ್ಲೂ ಇಲ್ಲ. ಊರಿನ ಮೇಲೆ ಸರ್ಕಾರ ದಂಡ ಹಾಕುವ ಅಧಿಕಾರ ಪುಸ್ತಕದಲ್ಲಿದೆ. ಇಲ್ಲದ ಅಧಿಕಾರ ರಾತ್ರೋರಾತ್ರಿ ಜಾರಿಯಾಗುತ್ತದೆ. ಇರುವ ಅಧಿಕಾರ ಅರ್ಧ ಶತಮಾನದಿಂದ ಪುಸ್ತಕದಲ್ಲಿದೆ, ಅದನ್ನು ನೆನಪಿಸುವವರೇ ಇಲ್ಲ.

ಅನುದಾನದ ಪ್ರಶ್ನೆಯನ್ನು ದಂಡದ ಪ್ರಶ್ನೆಯಿಂದ ಬೇರೆ ಮಾಡಬಾರದು ಅನ್ನುವುದು ಇದಕ್ಕೇ. ಆದ್ದರಿಂದ ನಮ್ಮ ಒತ್ತಾಯಗಳು ಇವು:

1. ನೋಂದಣಿ ಇಲ್ಲದ ಕೇರಿಯ ತಂಡಕ್ಕೂ ಅನುದಾನ ಸಿಗಬೇಕು. ಸಾಕ್ಷಿಗೆ ಶಾಲೆಯ ಮೇಷ್ಟರು ಮತ್ತು ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರ ಸಹಿ ಸಾಕು. ಗ್ರಾಮಸಭೆಯ ಒಪ್ಪಿಗೆ ಕೇಳಬಾರದು. ದಂಡ ಹಾಕುವ ಮುಖಂಡರೇ ಅಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ.

2. ಅರ್ಜಿ ಒಂದು ಪುಟ ಮೀರಬಾರದು. ಕನ್ನಡದಲ್ಲಿ, ತೆಲುಗಿನಲ್ಲಿ, ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಳ್ಳಬೇಕು. ತಾಲ್ಲೂಕು ಕೇಂದ್ರದಲ್ಲೇ ತೆಗೆದುಕೊಳ್ಳಬೇಕು.

3. ಹಣದ ಅರ್ಧ ಮೊದಲೇ ಕೊಡಬೇಕು. ಮೊದಲು ಖರ್ಚು ಮಾಡಿ ಬಿಲ್ಲು ತನ್ನಿ ಎನ್ನುವುದು ಉಳ್ಳವರಿಗೆ ಮಾಡಿದ ನಿಯಮ.

4. ತಾಲೀಮಿನ ದಿನದ ಕೂಲಿಯನ್ನು ಖರ್ಚು ಎಂದು ಒಪ್ಪಬೇಕು. ಶಾಮಿಯಾನ, ಹಾರ, ಶಾಲು, ಸ್ಮರಣಿಕೆಗೆ ಈ ಹಣದಲ್ಲಿ ಒಂದು ಕಾಸೂ ಬಳಸಬಾರದು.

5. ಕಲಿಸುವ ಹಿರಿಯರಿಗೆ, ಹಾಡುವ ಹೆಂಗಸರಿಗೆ ನೇರವಾಗಿ ಅವರ ಖಾತೆಗೇ ದುಡ್ಡು ಹೋಗಬೇಕು. ನಡುವೆ ಯಾವ ಸಂಘದ ಅಧ್ಯಕ್ಷನೂ ಬೇಡ.

6. ಅನುದಾನ ಪಡೆದ ತಂಡವನ್ನು ಯಾರ ಸ್ವಾಗತಕ್ಕೂ ಕಡ್ಡಾಯವಾಗಿ ಕರೆಯಬಾರದು. ಕರೆದರೆ ಸಂಭಾವನೆ ಮೊದಲು, ತಮಟೆ ಆಮೇಲೆ.

7. ಯಾರಿಗೆ ಎಷ್ಟು ಕೊಟ್ಟರು ಎಂಬ ಪಟ್ಟಿ ಪ್ರತಿ ಪಂಚಾಯ್ತಿ ಗೋಡೆಗೆ ಅಂಟಬೇಕು.

8. ಕೇರಿಯ ಜನರಿಗೆ ಪ್ರವೇಶವಿಲ್ಲದ, ಅವರ ಕೈ ತಾಗಿದರೆ ಮೈಲಿಗೆ ಎನ್ನುವ ಯಾವ ಜಾತ್ರೆಗೂ, ಗುಡಿಗೂ ಮುಜರಾಯಿಯಿಂದಾಗಲಿ ಸಂಸ್ಕೃತಿಯ ಹೆಸರಿನಲ್ಲಾಗಲಿ ಸರ್ಕಾರದ ಹಣ ಹೋಗಬಾರದು. 9ನೇ ಕಲಂ, 10ಎ ಕಲಂ ಜಾರಿಯಾಗಬೇಕು.

ಇದರಲ್ಲಿ ಯಾವುದಕ್ಕೂ ಹೊಸ ಖಜಾನೆ ಬೇಕಿಲ್ಲ. ಇರುವ ಪಾಲನ್ನು ಇರುವ ಜನರಿಗೆ ಕೊಡುವ ಮನಸ್ಸು ಬೇಕು. ಆ ಮನಸ್ಸು ತಾನಾಗಿ ಹುಟ್ಟುವುದಿಲ್ಲ, ನಾವು ಹುಟ್ಟಿಸಬೇಕು.

ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲಿನಲ್ಲಿ ಕೂತು ಬರೀ ಚರ್ಚೆ ಮಾಡಬೇಡಿ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ. ಕಳೆದ ಐದು ವರ್ಷದಲ್ಲಿ ನಿಮ್ಮ ತಾಲ್ಲೂಕಿನ ಯಾವ ಸಂಘಕ್ಕೆ ಎಷ್ಟು ಹಣ ಹೋಯಿತು, ಆ ಸಂಘದ ವಿಳಾಸ ಎಲ್ಲಿದೆ, ಯಾವ ಕೇರಿಯ ಯಾವ ತಂಡ ಎಲ್ಲಿ ಕುಣಿಯಿತು ಎಂದು ಕೇಳಿ. ಉತ್ತರ ಹಿಡಿದುಕೊಂಡು ಆ ವಿಳಾಸ ಹುಡುಕಿ ಹೋಗಿ. ಬೀಗ ಹಾಕಿದ್ದರೆ ಬರೆದುಕೊಳ್ಳಿ. ಮೇಷ್ಟರುಗಳೇ, ನಿಮ್ಮ ಶಾಲೆಯ ಸುತ್ತಣ ಕೇರಿಗಳಲ್ಲಿ ಹಾಡುವವರು, ಬಡಿಯುವವರು, ಕತೆ ಹೇಳುವವರು ಯಾರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಿರಿ. ಸರ್ಕಾರದ ಪಟ್ಟಿಯ ಎದುರಿಗೆ ನಮ್ಮ ಪಟ್ಟಿ ಇಡೋಣ. ಕಾರ್ಯಕರ್ತರೇ, ಮುಂದಿನ ಸಲ ಯಾವುದೇ ಮೆರವಣಿಗೆಗೆ ತಮಟೆಯವರನ್ನು ಕರೆಯುವಾಗ, ಅದು ನಮ್ಮದೇ ಸಂಘಟನೆಯ ಮೆರವಣಿಗೆಯಾದರೂ ಸರಿ, ಮೊದಲು ಅವರ ದಿನದ ಕೂಲಿ ಕೈಗಿಡಿ. ಮೆರವಣಿಗೆ ಮುಗಿದ ಮೇಲೆ ಅವರಿಗೂ ಕುರ್ಚಿ ಹಾಕಿ. ಮೈಕು ಮೊದಲು ಅವರಿಗೇ ಕೊಡಿ.